ಸವಾನಾದ ಗೋರಿಕಲ್ಲುಗಳನ್ನು ಓದುವುದು ಹೇಗೆ?

1867ರ ಅಕ್ಟೋಬರ್. ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನಾ ಊರಿಗೆ ಇಪ್ಪತ್ತೊಂಬತ್ತು ವರ್ಷದ ಒಬ್ಬ ತರುಣ ಬಂದ. ಕೆಂಟಕಿಯಿಂದ ಕಾಲ್ನಡಿಗೆಯಲ್ಲಿ ಹೊರಟಿದ್ದವನು. ಮನೆಯಿಂದ ಬರಬೇಕಿದ್ದ ಹಣ ಇನ್ನೂ ಬಂದಿರಲಿಲ್ಲ, ಜೇಬಿನಲ್ಲಿದ್ದದ್ದು ಪುಡಿಗಾಸು. ಹೋಟೆಲಿಗೆ ಕೊಡಲು ದುಡ್ಡಿಲ್ಲ. ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧ ಮುಗಿದು ಎರಡೇ ವರ್ಷ ಆಗಿದ್ದ ಊರು, ಎಲ್ಲೆಂದರಲ್ಲಿ ಮಲಗಲೂ ಭಯ. ಕೊನೆಗೆ ಅವನು ಹುಡುಕಿಕೊಂಡ ಜಾಗ ಊರಾಚೆಯ ಸ್ಮಶಾನ. ದೆವ್ವಕ್ಕೆ ಹೆದರಿ ಕಳ್ಳರೂ ಅಲ್ಲಿಗೆ ಬರುವುದಿಲ್ಲ ಎಂಬುದು ಅವನ ಲೆಕ್ಕ. ಕತ್ತಲಲ್ಲೇ ತಡಕಾಡಿ ಒಂದು ಕಡೆ ಮಲಗಿದ. ಬೆಳಗ್ಗೆ ಎದ್ದು ನೋಡಿದರೆ ತಲೆಯಿಟ್ಟಿದ್ದು ಒಂದು ಗೋರಿಯ ಮೇಲೆ! ಕೆಳಗಿದ್ದವರಷ್ಟು ಗಾಢ ನಿದ್ದೆ ತನಗೆ ಬರಲಿಲ್ಲ, ಆದರೂ ದಣಿವು ಆರಿತು ಎಂದು ಆಮೇಲೆ ತಮಾಷೆಯಾಗಿ ಬರೆದುಕೊಂಡ.

ಅವನ ಹೆಸರು ಜಾನ್ ಮ್ಯೂರ್. ಮುಂದೆ ಕ್ಯಾಲಿಫೋರ್ನಿಯಾದ ಯೊಸೆಮಿಟಿಯ ಕಾಡು ಉಳಿಸಲು ಹೋರಾಡಿ, 1892ರಲ್ಲಿ ಸಿಯೆರಾ ಕ್ಲಬ್ ಎಂಬ ಪರಿಸರ ಸಂಘ ಕಟ್ಟಿದ ಅದೇ ಮ್ಯೂರ್. ಆ ಸ್ಮಶಾನದ ಹೆಸರು ಬೊನವೆಂಚರ್. ಪೊದೆಗಳ ನಡುವೆ ಒಂದು ಪುಟ್ಟ ಮರೆ ಮಾಡಿಕೊಂಡು ಅವನು ಕೆಲವು ರಾತ್ರಿ ಅಲ್ಲೇ ಕಳೆದ. ಅಲ್ಲಿ ಅವನ ಕಣ್ಣಿಗೆ ಬಿದ್ದದ್ದು ಸಾವಿಗಿಂತ ಜೀವವೇ ಜಾಸ್ತಿ. ದೊಡ್ಡ ದೊಡ್ಡ ಓಕ್ ಮರಗಳು, ಹಕ್ಕಿಗಳು, ಚಿಟ್ಟೆಗಳು.

ಇವತ್ತು ಬೊನವೆಂಚರ್ ಪ್ರವಾಸಿಗಳ ಅಚ್ಚುಮೆಚ್ಚಿನ ಜಾಗ. ಸುಮಾರು ನೂರು ಎಕರೆ. ಹೋದವರೆಲ್ಲ ಫೋಟೊ ತೆಗೆಯುತ್ತಾರೆ, ಎರಡು ದೆವ್ವದ ಕತೆ ಕೇಳುತ್ತಾರೆ, ವಾಪಸ್ ಬರುತ್ತಾರೆ. ತಪ್ಪೇನಿಲ್ಲ. ಆದರೆ ಅಮೆರಿಕದ ದಕ್ಷಿಣದ ಹಳೆಯ ಸ್ಮಶಾನ ಅಂದರೆ ಅದು ಊರಿನ ಕಡತ ಇದ್ದ ಹಾಗೆ. ಯಾರಿಗೆ ಹಣವಿತ್ತು, ಯಾವ ವರ್ಷ ಯಾವ ಕಾಯಿಲೆ ಬಂತು, ಯಾರನ್ನು ಯಾರ ಪಕ್ಕ ಮಲಗಿಸಬಾರದಾಗಿತ್ತು, ಎಲ್ಲ ಅಲ್ಲಿದೆ. ಓದಲು ಗೊತ್ತಿರಬೇಕು ಅಷ್ಟೆ. ಕಲ್ಲಿನ ಮೇಲೆ ಬರೆದದ್ದನ್ನು ಓದುವುದು ಸುಲಭ. ಕಲ್ಲೇ ಇಲ್ಲದ ಜಾಗವನ್ನು ಓದುವುದು ಕಷ್ಟ. ನನಗೆ ಹೇಳಬೇಕಾದದ್ದು ಜಾಸ್ತಿ ಇರುವುದು ಈ ಎರಡನೆಯದರ ಬಗ್ಗೆ.

ಊರ ನಡುವಿನಿಂದ ಊರಾಚೆಗೆ

ಸವಾನಾ ಹುಟ್ಟಿದ್ದು 1733ರಲ್ಲಿ. ಜೇಮ್ಸ್ ಓಗಲ್‌ಥಾರ್ಪ್ ಎಂಬ ಇಂಗ್ಲಿಷ್ ಅಧಿಕಾರಿ ನದಿ ದಂಡೆಯ ಮೇಲೆ ಚೌಕ ಚೌಕವಾಗಿ ಕಟ್ಟಿದ ಊರು. ನಡುನಡುವೆ ಬಯಲು ಬಿಟ್ಟ ಚೌಕಗಳು ಇವತ್ತಿಗೂ ಇಪ್ಪತ್ತೆರಡು ಇವೆ. ಈ ಊರಿನ ಹಳೆಯ ಸ್ಮಶಾನಗಳಲ್ಲಿ ಈಗ ಉಳಿದು ಕಾಣಿಸುವುದು ಕಲೋನಿಯಲ್ ಪಾರ್ಕ್. 1750ರಲ್ಲಿ ಶುರುವಾಗಿ 1853ರಲ್ಲಿ ಮುಚ್ಚಿತು. ಸುಮಾರು ಆರು ಎಕರೆ ಜಾಗ, ಅದರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನರನ್ನು ಹೂಳಲಾಗಿದೆ ಎಂದು ಅಂದಾಜು. ಒಳಗೆ ಹೋಗಿ ನೋಡಿದರೆ ಕಾಣುವ ಕಲ್ಲುಗಳು ಮಾತ್ರ ಕೆಲವೇ ನೂರು. ಹಾಗಾದರೆ ನಾವು ಹುಲ್ಲು ಎಂದುಕೊಂಡು ತುಳಿಯುವ ಜಾಗ ಯಾವುದು ಅಂತ ಒಂದು ಕ್ಷಣ ಯೋಚಿಸಿ.

ಇಲ್ಲಿ ಬಟನ್ ಗ್ವಿನೆಟ್ ಹೆಸರಿನ ಸ್ಮಾರಕವಿದೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 1776ರಲ್ಲಿ ಸಹಿ ಹಾಕಿದವರಲ್ಲಿ ಅವನೂ ಒಬ್ಬ. ಮರುವರ್ಷವೇ ಲಾಕ್ಲನ್ ಮೆಕಿಂಟಾಷ್ ಎಂಬ ಸೇನಾಧಿಕಾರಿಯ ಜೊತೆ ಜಗಳವಾಗಿ, ಪಿಸ್ತೂಲು ಹಿಡಿದು ದ್ವಂದ್ವಯುದ್ಧಕ್ಕೆ ನಿಂತು, ಗುಂಡೇಟಿನಿಂದ ಸತ್ತ. ಮೆಕಿಂಟಾಷ್ ಬದುಕಿಕೊಂಡು 1806ರ ತನಕ ಇದ್ದ. ಅವನ ಗೋರಿಯೂ ಇದೇ ಕಲೋನಿಯಲ್ ಪಾರ್ಕಿನಲ್ಲಿದೆ. ಬದುಕಿದ್ದಾಗ ಕೆಲವೇ ಹೆಜ್ಜೆ ದೂರದಿಂದ ಗುಂಡು ಹಾರಿಸಿಕೊಂಡವರು ಸತ್ತ ಮೇಲೆ ಒಂದೇ ಕಾಂಪೌಂಡಿನೊಳಗೆ!

ಮುಖ್ಯ ವಿಷಯ ಜ್ವರದ್ದು. 1820ರಲ್ಲಿ ಸವಾನಾಕ್ಕೆ ಹಳದಿ ಜ್ವರ ಬಂತು. ಆ ವರ್ಷ ಸತ್ತ ಸುಮಾರು ಏಳುನೂರು ಜನರು ಈ ಸ್ಮಶಾನದಲ್ಲಿದ್ದಾರೆ ಎಂದು ಅಲ್ಲಿನ ಫಲಕ ಹೇಳುತ್ತದೆ. ಊರಿನ ಆಗಿನ ಜನಸಂಖ್ಯೆಯೇ ಏಳೆಂಟು ಸಾವಿರ ಅಂದರೆ ಹೊಡೆತ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿ. ಆಗಿನ ವೈದ್ಯರಿಗೆ ಕಾರಣ ಗೊತ್ತಿರಲಿಲ್ಲ. ಕೊಳೆತ ಜೌಗಿನಿಂದ, ತುಂಬಿ ತುಳುಕುವ ಸ್ಮಶಾನದಿಂದ ಕೆಟ್ಟ ಗಾಳಿ ಏಳುತ್ತದೆ, ಅದನ್ನು ಉಸಿರಾಡಿದವರಿಗೆ ಜ್ವರ ಬರುತ್ತದೆ ಎಂದು ನಂಬಿದ್ದರು. ನಿಜವಾದ ಅಪರಾಧಿ ಈಡಿಸ್ ಈಜಿಪ್ಟೈ ಎಂಬ ಸೊಳ್ಳೆ. ಹೌದು, ನಮ್ಮಲ್ಲಿ ಮಳೆಗಾಲ ಬಂದರೆ ಡೆಂಗಿ ಹರಡುವ ಅದೇ ಪಟ್ಟೆ ಕಾಲಿನ ಸೊಳ್ಳೆ. ಕೆರಿಬಿಯನ್ ಕಡೆಯಿಂದ ಬಂದ ಹಡಗುಗಳಲ್ಲಿ ರೋಗ ಬರುತ್ತಿತ್ತು. ಮನೆಮನೆಯ ನೀರಿನ ಪೀಪಾಯಿಗಳಲ್ಲಿ ಸೊಳ್ಳೆ ಮರಿ ಮಾಡುತ್ತಿತ್ತು. ಸೊಳ್ಳೆಯ ಮೇಲೆ ಮೊದಲು ಬೊಟ್ಟು ಮಾಡಿದವರು ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ, 1881ರಲ್ಲಿ. ಯಾರೂ ಕಿವಿಗೊಡಲಿಲ್ಲ. 1900ರಲ್ಲಿ ಅಮೆರಿಕದ ಸೇನಾ ವೈದ್ಯ ವಾಲ್ಟರ್ ರೀಡ್ ತಂಡ ಅದನ್ನು ಪ್ರಯೋಗ ಮಾಡಿ ತೋರಿಸಿದ ಮೇಲೆಯೇ ಜಗತ್ತು ಒಪ್ಪಿತು.

ಕೆಟ್ಟ ಗಾಳಿಯ ನಂಬಿಕೆ ತಪ್ಪೇ ಇರಬಹುದು, ಆದರೆ ಅದರಿಂದ ಊರಿನ ನಕ್ಷೆಯೇ ಬದಲಾಯಿತು. ಸತ್ತವರನ್ನು ಊರಾಚೆ ಸಾಗಿಸಬೇಕು ಎನ್ನುವ ಯೋಚನೆಗೆ ಅದು ಬಲ ಕೊಟ್ಟಿತು. ಕಲೋನಿಯಲ್ ಪಾರ್ಕಿನಲ್ಲಿ ಜಾಗವೂ ಮುಗಿದಿತ್ತು. 1853ರಲ್ಲಿ ಬಾಗಿಲು ಹಾಕಿದರು. ಮರುವರ್ಷ, 1854ರಲ್ಲಿ, ಹಳದಿ ಜ್ವರ ಮತ್ತೆ ಬಂದು ಸುಮಾರು ಸಾವಿರ ಜನರನ್ನು ತೆಗೆದುಕೊಂಡು ಹೋಯಿತು. ಸೊಳ್ಳೆಗೆ ಸ್ಮಶಾನದ ಬೀಗ ಯಾವ ಲೆಕ್ಕ?

ಈ ಜಾಗಕ್ಕೆ ಇನ್ನೊಂದು ಗಾಯವೂ ಆಗಿದೆ. ಅಂತರ್ಯುದ್ಧದ ಕಾಲ, 1864ರ ಡಿಸೆಂಬರಿನಲ್ಲಿ ಉತ್ತರದ ಜನರಲ್ ಷರ್ಮನ್ ಸವಾನಾವನ್ನು ವಶ ಮಾಡಿಕೊಂಡ. ಊರನ್ನು ಸುಡದೆ ಅಧ್ಯಕ್ಷ ಲಿಂಕನ್‌ಗೆ ಕ್ರಿಸ್‌ಮಸ್ ಉಡುಗೊರೆ ಎಂದು ತಂತಿ ಕಳಿಸಿದ. ಅವನ ಸೈನಿಕರು ಸ್ಮಶಾನದಲ್ಲಿ ಬೀಡು ಬಿಟ್ಟರು. ಬೇಸರ ಕಳೆಯಲು ಗೋರಿಕಲ್ಲುಗಳ ಅಂಕಿಗಳನ್ನು ತಿದ್ದಿದರು ಎಂದು ಊರಿನವರು ಇವತ್ತಿಗೂ ಹೇಳುತ್ತಾರೆ. ಕೆಲವು ಕಲ್ಲುಗಳ ಪ್ರಕಾರ ಅಲ್ಲಿ ಮಲಗಿರುವವರು ನೂರಾರು ವರ್ಷ ಬಾಳಿದ್ದಾರೆ! ಜಾಗ ತಪ್ಪಿದ ಕಲ್ಲುಗಳನ್ನು ಆಮೇಲೆ ಪೂರ್ವದ ಗೋಡೆಗೆ ಸಾಲಾಗಿ ಕೂರಿಸಿದ್ದಾರೆ. ಆ ಕಲ್ಲಿನ ಹೆಸರಿನವರು ಎಲ್ಲಿ ಮಲಗಿದ್ದಾರೋ, ಗೋಡೆಯಂತೂ ಹೇಳುವುದಿಲ್ಲ.

ತೋಟವಾದ ಸ್ಮಶಾನ

ಈಗ ಬೊನವೆಂಚರ್. ಊರಿನಿಂದ ಪೂರ್ವಕ್ಕೆ ಮೂರ್ನಾಲ್ಕು ಮೈಲಿ, ವಿಲ್ಮಿಂಗ್ಟನ್ ನದಿಯ ದಿಬ್ಬದ ಮೇಲೆ. ಮೊದಲು ಇದು ಪ್ಲಾಂಟೇಷನ್, ಅಂದರೆ ದೊಡ್ಡ ಬೇಸಾಯದ ಎಸ್ಟೇಟ್ ಆಗಿತ್ತು. ಕರ್ನಲ್ ಜಾನ್ ಮುಲ್ರೈನ್ ಮತ್ತು ಅವನ ಅಳಿಯ ಜೋಸಾಯಾ ಟ್ಯಾಟ್ನಲ್ 1760ರ ದಶಕದಲ್ಲಿ ಇಲ್ಲಿ ನೆಲೆಯಾದರು. ಓಕ್ ಮರಗಳ ಸಾಲು ಹಾಕಿದ್ದು ಆ ಮನೆತನ. ಸ್ವಾತಂತ್ರ್ಯ ಯುದ್ಧದಲ್ಲಿ ಅವರು ಇಂಗ್ಲಿಷ್ ರಾಜನ ಪಕ್ಷ ಹಿಡಿದರು, ಆಸ್ತಿ ಮುಟ್ಟುಗೋಲಾಯಿತು. ಮಗ ಟ್ಯಾಟ್ನಲ್ ಆಮೇಲೆ ಜಾಗ ವಾಪಸ್ ಕೊಂಡ, ಜಾರ್ಜಿಯಾದ ಗವರ್ನರ್ ಕೂಡ ಆದ. ಆ ಮನೆತನದವರ ಕೆಲವೇ ಗೋರಿಗಳು ಇಲ್ಲಿನ ಮೊದಲ ಗೋರಿಗಳು. 1846ರಲ್ಲಿ ಪೀಟರ್ ವಿಲ್ಟ್‌ಬರ್ಗರ್ ಎಂಬ ಹೋಟೆಲ್ ಮಾಲೀಕ ಜಾಗ ಕೊಂಡು, ಅದರಲ್ಲಿ ಎಪ್ಪತ್ತು ಎಕರೆಯನ್ನು ಎವರ್‌ಗ್ರೀನ್ ಎಂಬ ಹೆಸರಿನ ಖಾಸಗಿ ಸ್ಮಶಾನಕ್ಕೆ ಮೀಸಲಿಟ್ಟ. 1907ರಲ್ಲಿ ನಗರಾಡಳಿತ ಅದನ್ನು ಕೊಂಡು ಹಳೆಯ ಹೆಸರನ್ನೇ ಇಟ್ಟಿತು.

ಹೋಟೆಲಿನವನಿಗೆ ಸ್ಮಶಾನ ಏಕೆ ಅನ್ನಿಸಬಹುದು. ಅದು ಆ ಕಾಲದ ಫ್ಯಾಷನ್. 1804ರಲ್ಲಿ ಪ್ಯಾರಿಸ್ ಹೊರವಲಯದಲ್ಲಿ ಪೆರ್ ಲಶೇಸ್ ಎಂಬ ತೋಟದಂಥ ಸ್ಮಶಾನ ಶುರುವಾಯಿತು. 1831ರಲ್ಲಿ ಬಾಸ್ಟನ್ ಹತ್ತಿರ ಮೌಂಟ್ ಆಬರ್ನ್ ಬಂತು. ಅದನ್ನು ನೋಡಿ ಅಮೆರಿಕದ ಊರೂರುಗಳಲ್ಲಿ ಇಂಥವು ಎದ್ದವು. ಅಂಕುಡೊಂಕು ದಾರಿ, ಮರ, ನೀರು, ಶಿಲ್ಪ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಇನ್ನೂ ಹುಟ್ಟಿರದ ಕಾಲ. ಸಾರ್ವಜನಿಕ ಪಾರ್ಕ್ ಎನ್ನುವುದೇ ಅಪರೂಪ. ಹಾಗಾಗಿ ಜನ ಭಾನುವಾರ ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಕರೆದುಕೊಂಡು ಸ್ಮಶಾನಕ್ಕೆ ಹೋಗುತ್ತಿದ್ದರು. ಸ್ಮಶಾನದಿಂದ ಬಂದರೆ ಮನೆಯೊಳಗೆ ಕಾಲಿಡುವ ಮೊದಲು ಸ್ನಾನ ಮಾಡುವ ನಮಗೆ ಇದು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಇಂಗ್ಲಿಷಿನ ಸಿಮೆಟ್ರಿ ಎಂಬ ಪದದ ಗ್ರೀಕ್ ಮೂಲಕ್ಕೆ ‘ಮಲಗುವ ಜಾಗ’ ಎಂದು ಅರ್ಥ. ಗೋರಿಯನ್ನು ಮಂಚದ ಆಕಾರದಲ್ಲಿ ಕಟ್ಟಿ, ತಲೆಗಟ್ಟು ಕಾಲ್ಗಟ್ಟು ಇಟ್ಟು, ನಡುವೆ ಮಣ್ಣು ತುಂಬಿ ಹೂವಿನ ಗಿಡ ಬೆಳೆಸುವ ಪದ್ಧತಿ ಬಂದದ್ದು ಇದೇ ಕಲ್ಪನೆಯಿಂದ. ಬೊನವೆಂಚರಿನಲ್ಲಿ ಅಂಥ ಗೋರಿಗಳನ್ನು ನೋಡಬಹುದು.

ಮರಗಳಿಂದ ಜೋತಾಡುವ ಬೂದು ಬಣ್ಣದ ಗಡ್ಡದ ಬಗ್ಗೆ ಒಂದು ಮಾತು. ಅದಕ್ಕೆ ಸ್ಪ್ಯಾನಿಷ್ ಮಾಸ್ ಎನ್ನುತ್ತಾರೆ. ಅದು ಸ್ಪ್ಯಾನಿಷ್ ಅಲ್ಲ, ಮಾಸ್ ಅಂದರೆ ಪಾಚಿಯೂ ಅಲ್ಲ. ಅನಾನಸ್ ಕುಟುಂಬದ ಗಿಡ! ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ. ಗಾಳಿಯ ತೇವ, ಮಳೆ ನೀರು, ತೇಲಿ ಬಂದ ಧೂಳಿನಲ್ಲೇ ಬದುಕುತ್ತದೆ. ಮರ ಬರೀ ಆಸರೆ.

ಕಲ್ಲು ಯಾವುದು, ಚಿತ್ರ ಯಾವುದು

ಗೋರಿಕಲ್ಲಿನ ಹತ್ತಿರ ಹೋದಾಗ ಹೆಸರು ಓದುವ ಮೊದಲು ಕಲ್ಲನ್ನೇ ನೋಡಬೇಕು. ಸವಾನಾ ಇರುವುದು ಕರಾವಳಿಯ ಮರಳು ನೆಲದಲ್ಲಿ. ಅಗೆದರೆ ಬಂಡೆ ಸಿಗುವುದಿಲ್ಲ. ಹಾಗಾಗಿ ಹಳೆಯ ಕಲ್ಲುಗಳೆಲ್ಲ ಹಡಗಿನಲ್ಲಿ ಬಂದವು. ಹದಿನೆಂಟನೆಯ ಶತಮಾನದ ಕಪ್ಪು ಸ್ಲೇಟ್ ಕಲ್ಲು ಕಂಡರೆ, ಅದು ಬಹುಶಃ ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡಿನದು. ಸ್ಲೇಟ್ ಗಟ್ಟಿ, ಇನ್ನೂರೈವತ್ತು ವರ್ಷದ ಮೇಲೂ ಅಕ್ಷರ ಚೂಪಾಗಿರುತ್ತದೆ. ಆಮೇಲೆ ಬಂದ ಅಮೃತಶಿಲೆ ನೋಡಲು ಚೆಂದ, ಆದರೆ ಮಳೆಯ ಹುಳಿಗೆ ಕರಗುತ್ತದೆ. ಮುಟ್ಟಿದರೆ ಕೈಗೆ ಸಕ್ಕರೆ ಹರಳಿನಂತೆ ಉದುರುತ್ತದೆ. ಕಲ್ಲು ಕೊಳ್ಳಲಾಗದವರು ಇಟ್ಟಿಗೆ ಕಟ್ಟಿದರು. ಇಲ್ಲವೇ ಟ್ಯಾಬಿ ಹಾಕಿದರು. ಚಿಪ್ಪು ಸುಟ್ಟ ಸುಣ್ಣ, ಮರಳು, ನೀರು, ಜೊತೆಗೆ ಮುರಿದ ಸಿಂಪಿ ಚಿಪ್ಪು ಕಲೆಸಿದ ಕರಾವಳಿಯ ಗಾರೆ ಅದು. ರೈಲು ಬಂದ ಮೇಲೆ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಜಾರ್ಜಿಯಾದ್ದೇ ಎಲ್ಬರ್ಟನ್ ಗ್ರಾನೈಟ್ ಸಿಕ್ಕಿತು. ಆಮೇಲೆ ಎಲ್ಲ ಗೋರಿಗಳೂ ಒಂದೇ ಥರ ಕಾಣಲು ಶುರುವಾದವು. ನನಗಂತೂ ಆ ಪಾಲಿಶ್ ಮಾಡಿದ ಗ್ರಾನೈಟ್ ಬ್ಯಾಂಕಿನ ಕೌಂಟರ್ ನೆನಪಿಸುತ್ತದೆ.

ದಕ್ಷಿಣದ ಹಳೆಯ ಸ್ಮಶಾನಗಳಲ್ಲಿ ಅಲ್ಲಲ್ಲಿ ನೀಲಿ-ಬೂದು ಬಣ್ಣದ, ಇವತ್ತು ಕೆತ್ತಿದಂತೆ ಕಾಣುವ ಸ್ಮಾರಕ ಸಿಗುತ್ತದೆ. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಟಣ್ ಎಂದು ಟೊಳ್ಳು ಸದ್ದು. ಅದು ಕಲ್ಲಲ್ಲ, ಸತುವಿನ ಎರಕ. ಕನೆಕ್ಟಿಕಟ್ ರಾಜ್ಯದ ಮಾನ್ಯುಮೆಂಟಲ್ ಬ್ರಾಂಜ್ ಕಂಪನಿ 1870ರ ದಶಕದಿಂದ 1914ರ ತನಕ ಇದನ್ನು ‘ಬಿಳಿ ಕಂಚು’ ಎಂಬ ಹೆಸರಿನಲ್ಲಿ ಕ್ಯಾಟಲಾಗ್ ತೋರಿಸಿ ಮಾರುತ್ತಿತ್ತು. ಅದರಲ್ಲಿ ಕಂಚು ಚೂರೂ ಇಲ್ಲ. ಅಗ್ಗ ಅಂತ ಶ್ರೀಮಂತರು ಮೂಗು ಮುರಿದರು. ಈಗ ನೋಡಿದರೆ ಪಕ್ಕದ ದುಬಾರಿ ಅಮೃತಶಿಲೆಯ ಹೆಸರು ಅಳಿಸಿ ಹೋಗಿದೆ, ಸತುವಿನದು ಹಾಗೇ ಇದೆ.

ಇನ್ನು ಚಿತ್ರಗಳು. ವೀರಗಲ್ಲಿನ ಮೇಲೆ ಸೂರ್ಯ ಚಂದ್ರರನ್ನು ಕಂಡರೆ ‘ಅವು ಇರುವ ತನಕ ಈ ಹೆಸರೂ ಇರಲಿ’ ಎಂದು ನಾವು ಓದಿಕೊಳ್ಳುತ್ತೇವಲ್ಲ, ಹಾಗೇ ಇಲ್ಲೂ ಒಂದು ಚಿತ್ರಭಾಷೆ ಇದೆ. ತೀರ ಹಳೆಯ ಕಲ್ಲಿನ ಮೇಲೆ ರೆಕ್ಕೆ ಇರುವ ತಲೆಬುರುಡೆ: ಸಾವು ಬರುತ್ತದೆ, ಹುಷಾರು. ಕಾಲ ಕಳೆದಂತೆ ಬುರುಡೆಗೆ ಕೆನ್ನೆ ತುಂಬಿ ಅದು ದೇವದೂತನ ಮುಖವಾಯಿತು. ಹತ್ತೊಂಬತ್ತನೆಯ ಶತಮಾನ ಬರುವಾಗ ಬುರುಡೆಗಳೇ ಮಾಯವಾಗಿ, ಜೋತುಬಿದ್ದ ವಿಲೋ ಮರ, ಬಟ್ಟೆ ಹೊದಿಸಿದ ಕಲಶ ಬಂದವು. ಹೆದರಿಸುವುದು ಬಿಟ್ಟು ಅಳುವುದು ಶುರು. ಕುರಿಮರಿ ಕಂಡರೆ ಅದು ಮಗುವಿನ ಗೋರಿ. ಅರ್ಧಕ್ಕೆ ಮುರಿದ ಕಂಬ ಎಂದರೆ ಪ್ರಾಯದಲ್ಲೇ ಹೋದವರು. ಕಂಬ ಹಾಳಾಗಿದೆ ಎಂದುಕೊಳ್ಳಬೇಡಿ, ಕೆತ್ತಿದ್ದೇ ಹಾಗೆ. ಕೈ ಕೈ ಹಿಡಿದ ಚಿತ್ರ ಸಾಮಾನ್ಯವಾಗಿ ಗಂಡ ಹೆಂಡತಿಯ ಬೀಳ್ಕೊಡುಗೆ. ಕಡಿದ ಮರದ ಬೊಡ್ಡೆಯೂ ಅರ್ಧಕ್ಕೇ ನಿಂತ ಬದುಕಿನ ಗುರುತು. ಆದರೆ ಇಡೀ ಕಲ್ಲೇ ಬೊಡ್ಡೆಯ ಆಕಾರದಲ್ಲಿದ್ದರೆ ಸ್ವಲ್ಪ ಬಗ್ಗಿ ಓದಿ. ‘ವುಡ್‌ಮೆನ್ ಆಫ್ ದಿ ವರ್ಲ್ಡ್’ ಎಂಬ ಹೆಸರಿರಬಹುದು. ಅದು 1890ರಲ್ಲಿ ಶುರುವಾದ ಒಂದು ವಿಮಾ ಸಂಘ. ಪಾಲಿಸಿ ಮಾಡಿಸಿದವರಿಗೆ ಗೋರಿಕಲ್ಲೂ ಸೇರಿ ಬರುತ್ತಿತ್ತು!

ಹೆಚ್ಚಿನ ಗೋರಿಗಳು ಪೂರ್ವ ಪಶ್ಚಿಮವಾಗಿ ಇರುತ್ತವೆ. ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ. ಕೊನೆಯ ದಿನ ಎದ್ದು ಕೂತಾಗ ಮುಖ ಉದಯದ ಕಡೆಗಿರಲಿ ಎಂಬ ಕ್ರೈಸ್ತ ನಂಬಿಕೆ. ಈ ದಿಕ್ಕಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ. ಯಹೂದಿಗಳ ಭಾಗಕ್ಕೆ ಬಂದರೆ ಹೂವು ಕಡಿಮೆ. ಗೋರಿಯ ಮೇಲೆ ಸಣ್ಣ ಸಣ್ಣ ಬೆಣಚುಕಲ್ಲು. ‘ನಾನು ಬಂದಿದ್ದೆ’ ಎಂದು ಹೇಳುವ ರೀತಿ ಅದು. ಸೈನಿಕರ ಕಲ್ಲುಗಳಲ್ಲಿ ಮೇಲ್ತುದಿ ಗುಂಡಗಿದ್ದರೆ ಉತ್ತರದ ಕಡೆಯವನು, ಚೂಪಾಗಿದ್ದರೆ ದಕ್ಷಿಣದ ಕಾನ್ಫೆಡರೇಟ್ ಸೈನಿಕ. ಉತ್ತರದವರು ಬಂದು ಮೇಲೆ ಕೂರದಿರಲಿ ಅಂತ ಚೂಪು ಮಾಡಿದ್ದು ಎಂದು ದಕ್ಷಿಣದವರು ಜೋಕ್ ಮಾಡುತ್ತಾರೆ.

ಬೊನವೆಂಚರಿನ ಎಲ್ಲ ಗೋರಿಗಳಲ್ಲಿ ಜನ ಹೆಚ್ಚು ನಿಲ್ಲುವುದು ಗ್ರೇಸಿ ವಾಟ್ಸನ್ ಎಂಬ ಹುಡುಗಿಯ ಮುಂದೆ. 1889ರಲ್ಲಿ, ಆರು ವರ್ಷದವಳಿದ್ದಾಗ, ನ್ಯುಮೋನಿಯಾದಿಂದ ತೀರಿಕೊಂಡಳು. ಅವಳ ಅಪ್ಪ ಊರಿನ ದೊಡ್ಡ ಹೋಟೆಲೊಂದರ ಮ್ಯಾನೇಜರ್. ಹೋಟೆಲಿಗೆ ಬಂದವರಿಗೆಲ್ಲ ಅವಳು ಮುದ್ದು. ಶಿಲ್ಪಿ ಜಾನ್ ವಾಲ್ಜ್ ಒಂದು ಫೋಟೊ ನೋಡಿಕೊಂಡು ಅವಳಷ್ಟೇ ಎತ್ತರದ ಮೂರ್ತಿ ಕೆತ್ತಿದ. ಫ್ರಾಕಿನ ಗುಂಡಿ, ಬೂಟು, ಎಲ್ಲ ಹಾಗೇ. ಅವಳ ಕೈ ಇರುವುದು ಕಡಿದ ಮರದ ಬೊಡ್ಡೆಯ ಮೇಲೆ. ಈಗ ನಿಮಗೆ ಅದನ್ನು ಓದಲು ಬರುತ್ತದೆ. ಅಪ್ಪ ಅಮ್ಮ ಆಮೇಲೆ ಊರು ಬಿಟ್ಟರು, ಅವರ ಗೋರಿ ಇಲ್ಲಿಲ್ಲ. ಬಂದವರು ಆಟದ ಸಾಮಾನು ಇಟ್ಟು ಹೋಗುತ್ತಾರೆ. ಮುಟ್ಟಿ ಮುಟ್ಟಿ ಕಲ್ಲು ಸವೆಯುತ್ತದೆ ಎಂದು ಸುತ್ತ ಕಬ್ಬಿಣದ ಬೇಲಿ ಹಾಕಿದ್ದಾರೆ.

ಇನ್ನೊಂದು ಪ್ರಸಿದ್ಧ ಮೂರ್ತಿ ಕೊರಿನ್ ಲಾಟನ್ ಎಂಬ ಯುವತಿಯದು. ಶಿಲುಬೆಯ ಪಕ್ಕ ಬರಿಗಾಲಲ್ಲಿ ಕೂತು ಎತ್ತಲೋ ನೋಡುತ್ತಿರುವಂತಿದೆ. ಮನೆಯವರು ಇಷ್ಟವಿಲ್ಲದ ಮದುವೆಗೆ ಒತ್ತಾಯ ಮಾಡಿದ್ದಕ್ಕೆ ನದಿಗೆ ಹಾರಿದಳು ಎಂದು ಪ್ರವಾಸಿಗಳಿಗೆ ಕತೆ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಮನೆಯವರ ಬರಹ ಹೇಳುವುದು ಬೇರೆ. 1877ರಲ್ಲಿ ಅವಳು ಕಾಯಿಲೆ ಬಿದ್ದು ಹೋದಳು, ಅಷ್ಟೇ. ಚೆಂದದ ಮೂರ್ತಿ ಇದ್ದಲ್ಲಿ ಚೆಂದದ ಸುಳ್ಳು ಬೇಗ ಬೆಳೆಯುತ್ತದೆ. ಸ್ಮಶಾನ ತಿರುಗುವಾಗ ಗೈಡ್ ಹೇಳಿದ್ದನ್ನೆಲ್ಲ ಬರೆದುಕೊಳ್ಳುವ ಮೊದಲು ಸ್ವಲ್ಪ ತಡೆಯುವುದು ಒಳ್ಳೆಯದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕವಿ ಕಾನ್ರಾಡ್ ಐಕನ್ ಗೋರಿ. 1901ರಲ್ಲಿ, ಅವನಿಗೆ ಹನ್ನೊಂದು ವರ್ಷವಿದ್ದಾಗ, ವೈದ್ಯನಾಗಿದ್ದ ಅಪ್ಪ ಅಮ್ಮನನ್ನು ಗುಂಡಿಟ್ಟು ಕೊಂದು ತಾನೂ ಸತ್ತ. ಹುಡುಗನನ್ನು ಉತ್ತರಕ್ಕೆ ನೆಂಟರ ಮನೆಗೆ ಕಳಿಸಿದರು. ದೊಡ್ಡ ಕವಿಯಾಗಿ, ಪುಲಿಟ್ಜರ್ ಪ್ರಶಸ್ತಿ ಪಡೆದು, ಮುಪ್ಪಿನಲ್ಲಿ ಸವಾನಾಕ್ಕೆ ವಾಪಸ್ ಬಂದು, ಬಾಲ್ಯದ ಆ ಮನೆಯ ಪಕ್ಕದಲ್ಲೇ ಇದ್ದ. 1973ರಲ್ಲಿ ತೀರಿಕೊಂಡ. ಈಗ ಅಪ್ಪ ಅಮ್ಮನ ಪಕ್ಕದಲ್ಲೇ ಮಲಗಿದ್ದಾನೆ. ಅವನ ಗೋರಿಕಲ್ಲು ಒಂದು ಬೆಂಚು. ಬಂದವರು ಕೂತುಕೊಳ್ಳಲಿ ಅಂತ. ಅದರ ಮೇಲೆ ಕೆತ್ತಿರುವುದು ‘ಕಾಸ್ಮೋಸ್ ಮ್ಯಾರಿನರ್, ಹೋಗುವುದೆಲ್ಲಿಗೋ ಗೊತ್ತಿಲ್ಲ’ ಎಂಬ ಮಾತು. ಪತ್ರಿಕೆಯ ಹಡಗುಗಳ ಪಟ್ಟಿಯಲ್ಲಿ ಆ ಹೆಸರಿನ ಹಡಗಿನ ಮುಂದೆ ಅವನು ಕಂಡಿದ್ದ ಸಾಲು ಅದು ಎಂದು ಹೇಳುತ್ತಾರೆ.

ಹೆದ್ದಾರಿಯ ಆಚೆ ಬದಿ

ಇಷ್ಟು ಹೊತ್ತು ನೋಡಿದ್ದು ಹೆಚ್ಚುಕಡಿಮೆ ಬಿಳಿಯರ ಸವಾನಾ. ಬೊನವೆಂಚರ್ ಪ್ಲಾಂಟೇಷನ್ನಿನಲ್ಲಿ ದುಡಿದವರು ಗುಲಾಮರು. ಟ್ಯಾಟ್ನಲ್ ಮನೆತನದ ಕಲ್ಲುಗಳನ್ನು ಗೈಡ್ ತೋರಿಸುತ್ತಾನೆ. ಆ ಮನೆಗೆ ನೀರು ಹೊತ್ತವರ, ಆ ನೆಲ ಅಗೆದವರ ಹೆಸರಿನ ಕಲ್ಲು ಯಾರೂ ತೋರಿಸುವುದಿಲ್ಲ.

ಅದನ್ನು ಹುಡುಕಬೇಕಾದರೆ ಊರಿನ ಇನ್ನೊಂದು ಬದಿಗೆ, ಲಾರೆಲ್ ಗ್ರೋವ್‌ಗೆ ಹೋಗಬೇಕು. ಕಲೋನಿಯಲ್ ಪಾರ್ಕ್ ತುಂಬಿದಾಗ ನಗರಾಡಳಿತ ಸ್ಪ್ರಿಂಗ್‌ಫೀಲ್ಡ್ ಎಂಬ ಹಳೆಯ ಪ್ಲಾಂಟೇಷನ್ನಿನ ಜಾಗದಲ್ಲಿ ಹೊಸ ಸ್ಮಶಾನ ಮಾಡಿತು. 1852ರಲ್ಲಿ ಅದರ ವಿಧ್ಯುಕ್ತ ಆರಂಭ. ಉತ್ತರದ ಭಾಗ ಬಿಳಿಯರಿಗೆ. 1853ರಲ್ಲಿ ದಕ್ಷಿಣದ ನಾಲ್ಕು ಎಕರೆಯನ್ನು ಕಪ್ಪು ಜನರಿಗೆ, ಗುಲಾಮರಿಗೂ ಬಿಡುಗಡೆ ಪಡೆದವರಿಗೂ ಸೇರಿಸಿ, ಕೊಟ್ಟರು. ಆಮೇಲೆ ಅದನ್ನು ವಿಸ್ತರಿಸಿದರು. ಇವತ್ತು ಎರಡರ ನಡುವೆ ದೊಡ್ಡ ರಸ್ತೆ ಹಾದುಹೋಗಿದೆ. ಉತ್ತರದಲ್ಲಿ ಗರ್ಲ್ ಸ್ಕೌಟ್ಸ್ ಕಟ್ಟಿದ ಜೂಲಿಯೆಟ್ ಗಾರ್ಡನ್ ಲೋ ಇದ್ದಾರೆ, ಅಂತರ್ಯುದ್ಧದ ಕಾಲದ ಗೆಟಿಸ್‌ಬರ್ಗ್ ಯುದ್ಧದಲ್ಲಿ ಸತ್ತ ಸೈನಿಕರ ಸಾಲುಗಳಿವೆ. ದಕ್ಷಿಣಕ್ಕೆ ಹೋಗಲು ಬೇರೆ ಗೇಟು, ಬೇರೆ ದಾರಿ.

ದಕ್ಷಿಣದ ಬದಿಯಲ್ಲಿ ಆಂಡ್ರ್ಯೂ ಬ್ರಯನ್ ಗೋರಿ ಇದೆ. ಗುಲಾಮನಾಗಿ ಹುಟ್ಟಿದವರು. ಉಪದೇಶ ಮಾಡಿದ್ದಕ್ಕೆ ಚಾಟಿಯೇಟು ತಿಂದರು, ಜೈಲಿಗೆ ಹೋದರು, ಬಿಡಲಿಲ್ಲ. ಆಮೇಲೆ ಹಣ ಕೊಟ್ಟು ತಮ್ಮನ್ನು ತಾವೇ ಬಿಡಿಸಿಕೊಂಡರು. ಅವರು ಕಟ್ಟಿ ಬೆಳೆಸಿದ ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚ್ ಸವಾನಾದಲ್ಲಿ ಈಗಲೂ ನಡೆಯುತ್ತಿದೆ. 1812ರಲ್ಲಿ ತೀರಿಕೊಂಡರು. ಲಾರೆಲ್ ಗ್ರೋವ್ ಶುರುವಾದದ್ದು ಅವರು ಹೋಗಿ ನಲವತ್ತು ವರ್ಷದ ಮೇಲೆ! ಅವರನ್ನು ಮೊದಲು ಹೂಳಿದ್ದು ಊರಿನ ಹಳೆಯ ಕಪ್ಪು ಜನರ ಸ್ಮಶಾನದಲ್ಲಿ. ಊರು ಆ ಕಡೆಗೆ ಬೆಳೆದಾಗ ಕೆಲವು ಗೋರಿಗಳನ್ನು ಇಲ್ಲಿಗೆ ತಂದರು. ಕೆಲವನ್ನು. ಎಲ್ಲವನ್ನೂ ಅಲ್ಲ.

ಗುಲಾಮರ ಶವಸಂಸ್ಕಾರ ಎಷ್ಟೋ ಸಲ ರಾತ್ರಿ ಪಂಜಿನ ಬೆಳಕಲ್ಲಿ ನಡೆಯುತ್ತಿತ್ತು. ಹಗಲು ಯಜಮಾನನದು, ಕೆಲಸ ನಿಲ್ಲುವಂತಿಲ್ಲ. ಕಲ್ಲು ಕೊಳ್ಳುವ ಮಾತು ದೂರ. ಮರದ ಹಲಗೆ ನೆಟ್ಟರೆ ಈ ಕರಾವಳಿಯ ತೇವಕ್ಕೆ, ಗೆದ್ದಲಿಗೆ ಕೆಲವೇ ವರ್ಷ. ಆದರೆ ಅವರಿಗೆ ಅವರದೇ ಗುರುತುಗಳಿದ್ದವು. ಸತ್ತವರು ಕೊನೆಗೆ ಬಳಸಿದ ಲೋಟ, ತಟ್ಟೆ, ಔಷಧಿ ಬಾಟಲಿ, ದೀಪ ಇವನ್ನು ಗೋರಿಯ ಮೇಲೆ ಇಡುತ್ತಿದ್ದರು. ಎಷ್ಟೋ ಸಲ ಬೇಕೆಂದೇ ಒಡೆದು. ಸಾವಿನ ಸರಪಳಿ ಅಲ್ಲಿಗೇ ಮುರಿಯಲಿ, ಮನೆಯ ಇನ್ನೊಬ್ಬರು ಹಿಂದೆ ಹೋಗದಿರಲಿ ಎಂಬ ಆಸೆ. ಬಿಳಿ ಚಿಪ್ಪು, ಶಂಖ ಇಡುತ್ತಿದ್ದರು. ಸತ್ತವರ ಲೋಕ ನೀರಿನ ಆಚೆ ಎಂಬ ನಂಬಿಕೆ ಮಧ್ಯ ಆಫ್ರಿಕಾದ ಕಾಂಗೊ ಸೀಮೆಯಿಂದ ಅವರ ಜೊತೆ ಬಂದದ್ದು. ಆ ಗುಲಾಮರ ವಂಶಸ್ಥರಾದ ಕರಾವಳಿಯ ಗಲ್ಲಾ ಗೀಚಿ ಜನರಲ್ಲಿ ಈ ಪದ್ಧತಿಗಳು ಇಪ್ಪತ್ತನೆಯ ಶತಮಾನದವರೆಗೂ ಉಳಿದಿದ್ದವು. ಇದರ ಅರ್ಥ ಗೊತ್ತಿಲ್ಲದವರು ಆ ಗೋರಿಗಳನ್ನು ನೋಡಿ ಕಸ ಎಂದುಕೊಂಡರು. ಎಷ್ಟೋ ಕಡೆ ಚೊಕ್ಕಟ ಮಾಡುವ ನೆಪದಲ್ಲಿ ಎತ್ತಿ ಎಸೆದರು. ಅಲ್ಲಿಗೆ ಇದ್ದ ಒಂದು ಗುರುತೂ ಹೋಯಿತು.

ಹಾಗಾದರೆ ಗುರುತಿಲ್ಲದ ಗೋರಿ ಗೊತ್ತಾಗುವುದು ಹೇಗೆ? ಸುಮ್ನೆ ನಿಂತು ನೆಲ ನೋಡಬೇಕು, ಬೆಳಗ್ಗೆ ಇಲ್ಲವೇ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ. ಪೆಟ್ಟಿಗೆ ಕೊಳೆತು ಕುಸಿದಾಗ ಮೇಲಿನ ಮಣ್ಣು ಆಳುದ್ದಕ್ಕೆ ತಗ್ಗಾಗುತ್ತದೆ. ಅಂಥ ತಗ್ಗುಗಳು ಸಾಲಾಗಿ, ಪೂರ್ವ ಪಶ್ಚಿಮವಾಗಿ ಇದ್ದರೆ ಅನುಮಾನ ಗಟ್ಟಿ. ಆಗ ಹೇಳಿದ ದಿಕ್ಕಿನ ಮಾತು ಇಲ್ಲಿ ಕೆಲಸಕ್ಕೆ ಬಂತು ನೋಡಿ. ಯಾರೂ ನೆಟ್ಟ ಹಾಗಿಲ್ಲದ ಕಡೆ ಕತ್ತಿಯಂಥ ಎಲೆಯ ಯಕ್ಕಾ ಗಿಡ ಇದ್ದರೆ, ಕಾಡಿನ ನಡುವೆ ವಿಂಕಾ ಬಳ್ಳಿ ಹಸಿರಾಗಿ ಹಬ್ಬಿದ್ದರೆ, ತಲೆಯ ಕಡೆಗೊಂದು ಕಾಲ ಕಡೆಗೊಂದು ಕಾಡುಗಲ್ಲು ಇದ್ದರೆ, ಅಲ್ಲಿ ಯಾರೋ ಯಾರನ್ನೋ ನೆನೆದು ಹೋಗಿದ್ದಾರೆ ಎಂದರ್ಥ. ಈಗ ನೆಲದೊಳಗೆ ರೇಡಾರ್ ಅಲೆ ಬಿಟ್ಟೂ ನೋಡುತ್ತಾರೆ. ಅದರಲ್ಲಿ ಮೂಳೆ ಕಾಣುತ್ತದೆ ಎಂದು ಕೆಲವರು ತಿಳಿದಿದ್ದಾರೆ, ಹಾಗಲ್ಲ. ಒಮ್ಮೆ ಅಗೆದು ಮುಚ್ಚಿದ ಮಣ್ಣು ಸುತ್ತಲಿನ ಮಣ್ಣಿನಷ್ಟು ಬಿಗಿಯಾಗಿರುವುದಿಲ್ಲ. ರೇಡಾರ್ ಹಿಡಿಯುವುದು ಹೆಚ್ಚಾಗಿ ಆ ವ್ಯತ್ಯಾಸವನ್ನು. ಹೆಸರು ಮಾತ್ರ ಯಾವ ಯಂತ್ರವೂ ಹೇಳದು. ಇಂಥ ಸ್ಮಶಾನಗಳನ್ನು ಹುಡುಕಿ ಕಾಪಾಡಲು ನೆರವು ಕೊಡುವ ಒಂದು ಕಾನೂನನ್ನು ಅಮೆರಿಕದ ಸಂಸತ್ತು 2022ರ ಡಿಸೆಂಬರಿನಲ್ಲಿ ಪಾಸು ಮಾಡಿತು.

ಹೋಗುವವರಿಗೆ ಒಂದೆರಡು ಮಾತು. ಕಲ್ಲಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಕ್ಷರ ತೆಗೆಯಬೇಡಿ, ಹಳೆಯ ಅಮೃತಶಿಲೆ ಅಷ್ಟು ಉಜ್ಜಿದರೂ ಉದುರುತ್ತದೆ. ಅಕ್ಷರ ಕಾಣದಿದ್ದರೆ ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ಹಾಯಿಸಿ, ನೆರಳಿನಲ್ಲಿ ಅಕ್ಷರ ತಾನಾಗೇ ಏಳುತ್ತದೆ. ಪಾಚಿ ಕಂಡಿತು ಅಂತ ಬ್ಲೀಚ್ ಹಾಕುವುದು ಮಹಾಪರಾಧ. ಒಡೆದ ಲೋಟ, ಚಿಪ್ಪು ಕಂಡರೆ ಮುಟ್ಟಬೇಡಿ. ಸೊಳ್ಳೆಗೆ ಔಷಧಿ ಹಚ್ಚಿಕೊಂಡು ಹೋಗಿ.

ಕೊನೆಗೆ ಮತ್ತೆ ಊರ ನಡುವೆ, ಒಂದು ಚೌಕಕ್ಕೆ ಬರೋಣ. ಆಂಡ್ರ್ಯೂ ಬ್ರಯನ್ ಅವರನ್ನು ಮೊದಲು ಹೂಳಿದ್ದ ಕಪ್ಪು ಜನರ ಹಳೆಯ ಸ್ಮಶಾನ ಇದ್ದದ್ದು ಈ ಭಾಗದಲ್ಲೇ. 1851ರಲ್ಲಿ ಇಲ್ಲಿ ಚೌಕ ಮಾಡಿ ಜಾನ್ ಕ್ಯಾಲ್ಹೂನ್ ಹೆಸರಿಟ್ಟರು. ಗುಲಾಮಗಿರಿ ಒಳ್ಳೆಯದು ಎಂದು ಸಂಸತ್ತಿನಲ್ಲೇ ವಾದಿಸಿದ ರಾಜಕಾರಣಿ ಅವನು. ಗುಲಾಮರ ಗೋರಿಗಳ ಮೇಲೆ ಅವನ ಹೆಸರು, ನೂರ ಎಪ್ಪತ್ತು ವರ್ಷ. ಊರಿನ ಜನ ಹೋರಾಡಿ ಅದನ್ನು ತೆಗೆಸಿದರು. 2023ರಲ್ಲಿ ಚೌಕಕ್ಕೆ ಸೂಸಿ ಕಿಂಗ್ ಟೇಲರ್ ಅವರ ಹೆಸರು ಬಂತು.

ಸೂಸಿ 1848ರಲ್ಲಿ ಗುಲಾಮಳಾಗಿ ಹುಟ್ಟಿದವರು. ಗುಲಾಮರಿಗೆ ಅಕ್ಷರ ಕಲಿಸುವುದು ಜಾರ್ಜಿಯಾದಲ್ಲಿ ಅಪರಾಧವಾಗಿದ್ದ ಕಾಲದಲ್ಲಿ, ಪುಸ್ತಕವನ್ನು ಕಾಗದದಲ್ಲಿ ಸುತ್ತಿ ಮುಚ್ಚಿಟ್ಟುಕೊಂಡು ಸವಾನಾದ ಕಳ್ಳ ಶಾಲೆಗಳಿಗೆ ಹೋಗಿ ಓದಲು ಕಲಿತರು. ಯುದ್ಧದಲ್ಲಿ ಕಪ್ಪು ಸೈನಿಕರಿಗೆ ಅಕ್ಷರ ಕಲಿಸಿದರು, ಗಾಯಾಳುಗಳ ಆರೈಕೆ ಮಾಡಿದರು. ಆಮೇಲೆ ಇದೇ ಊರಲ್ಲಿ ಶಾಲೆ ತೆರೆದರು. 1912ರಲ್ಲಿ ಬಾಸ್ಟನ್‌ನಲ್ಲಿ ತೀರಿಕೊಂಡರು. ಅಲ್ಲಿನ ಮೌಂಟ್ ಹೋಪ್ ಸ್ಮಶಾನದಲ್ಲಿ ಗಂಡನ ಜೊತೆ ಅವರನ್ನು ಹೂಳಿದರು. ಆ ಗೋರಿಕಲ್ಲಿನ ಮೇಲೆ ಅವರ ಹೆಸರು ಇರಲಿಲ್ಲ. ಹೆಸರಿರುವ ಕಲ್ಲು ಬಂದದ್ದು 2021ರಲ್ಲಿ.